ಪರವಾಗಿಲ್ಲ ಡಾಕ್ಟ್ರೇ

ಕ್ಯಾನ್ಸರ್ ಓಪಿಡಿಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದು ಅಂತ ಯಾರಾದರೂ ಲೆಕ್ಕ ಇಟ್ಟರೆ ‘ಪರವಾಗಿಲ್ಲ’ ಎಂಬುದೇ ಗೆದ್ದೀತು. ಹೊರಗಿನ ಬೆಂಚಿನ ಮೇಲೆ ಪಕ್ಕದವರ ಹತ್ತಿರ ‘ಮೂರು ದಿನ ಗಂಟಲಲ್ಲಿ ನೀರೂ ಇಳೀಲಿಲ್ಲ ಕಣ್ರೀ, ಬಾಯೆಲ್ಲ ಹುಣ್ಣು’ ಅಂತ ಹೇಳಿಕೊಂಡ ಹೆಂಗಸು, ಹೆಸರು ಕೂಗಿದ ಮೇಲೆ ಒಳಗೆ ಹೋಗಿ ಕೂರುತ್ತಾರೆ. ‘ಹೇಗಿದೀರಮ್ಮ?’ ‘ಪರವಾಗಿಲ್ಲ ಡಾಕ್ಟ್ರೇ.’ ಜೊತೆಗೆ ಬಂದ ಮಗ ಏನೋ ಹೇಳಲು ಬಾಯಿ ತೆರೆದರೆ ಅವನ ಮಂಡಿಯ ಮೇಲೆ ಕೈಯಿಟ್ಟು ಸುಮ್ಮನಾಗಿಸುತ್ತಾರೆ. ಕಂಪ್ಯೂಟರಿನಲ್ಲಿ ‘ಚಿಕಿತ್ಸೆ ಸಹಿಸಿಕೊಂಡಿದ್ದಾರೆ’ ಎಂಬ ಅರ್ಥದ ಒಂದು ಸಾಲು ಬೀಳುತ್ತದೆ, ಮುಂದಿನ ಡೋಸಿಗೆ ಸಹಿಯಾಗುತ್ತದೆ. ಬೆಂಚಿಗೂ ಕುರ್ಚಿಗೂ ನಡುವೆ ಇರುವುದು ಹತ್ತು ಹೆಜ್ಜೆ. ಅಷ್ಟರಲ್ಲಿ ಆ ಮೂರು ದಿನ ಎಲ್ಲಿ ಹೋದವು?

ಹಾಗಂತ ಆಕೆ ಸುಳ್ಳು ಹೇಳಿದರು ಅನ್ನುವಂತಿಲ್ಲ. ಮೂರು ವಾರಕ್ಕೊಮ್ಮೆ ಕೊಡುವ ಕೀಮೋದ ಕ್ಯಾಲೆಂಡರನ್ನು ಒಮ್ಮೆ ಬಿಡಿಸಿ ನೋಡಿ. ಡ್ರಿಪ್ ಹಾಕಿಸಿಕೊಂಡ ಮೊದಲ 24 ಗಂಟೆ ವಾಂತಿ ತಡೆಯುವ ಔಷಧಿಗಳ ಕಾವಲಿನಲ್ಲಿ ಕಳೆಯುತ್ತದೆ. ಆಮೇಲೆ ಐದನೇ ದಿನದವರೆಗೂ ಎಳೆಯುವ ವಾಕರಿಕೆ ಬೇರೆ ಬಗೆಯದು, ಅದು ಬರುವುದು ಮನೆಯಲ್ಲಿ. ವಾಂತಿಗೆಂದು ಕೊಟ್ಟ ಒಂಡಾನ್ಸೆಟ್ರಾನ್ ಮಲ ಕಟ್ಟಿಸುತ್ತದೆ, ಅದೂ ಮನೆಯಲ್ಲೇ. ಬಾಯಿಹುಣ್ಣು ಏಳುವ ಹೊತ್ತಿಗೆ ಒಂದು ವಾರ ಆಗಿರುತ್ತದೆ. ಬಿಳಿರಕ್ತಕಣಗಳ ಕೌಂಟ್ ತಳ ಮುಟ್ಟುವುದು ಬಹುತೇಕ ಔಷಧಿಗಳಲ್ಲಿ 7ರಿಂದ 14ನೇ ದಿನದ ನಡುವೆ. ಮೂರನೇ ವಾರದಲ್ಲಿ ಎಲ್ಲ ನಿಧಾನಕ್ಕೆ ತಿಳಿಯಾಗುತ್ತದೆ, ತಿಳಿಯಾದ ಮೇಲಲ್ಲವೇ ಮುಂದಿನ ಡೋಸ್ ಕೊಡುವುದು? ಹಾಗಾಗಿ ಡಾಕ್ಟರನ್ನು ಕಾಣುವ ದಿನವೇ ಇಡೀ ಸೈಕಲ್ಲಿನ ಅತ್ಯುತ್ತಮ ದಿನ. ಅವತ್ತಿನ ಮಟ್ಟಿಗೆ ‘ಪರವಾಗಿಲ್ಲ’ ಎಂಬುದು ನೂರಕ್ಕೆ ನೂರು ನಿಜ. ಇದರ ಜೊತೆಗೆ ‘ಜಾಸ್ತಿ ಹೇಳಿಕೊಂಡರೆ ಡೋಸ್ ಇಳಿಸಿಬಿಡ್ತಾರೇನೋ’ ಎಂಬ ಭಯ, ಹಿಂದೆ ನಲವತ್ತು ಜನ ಕಾಯುತ್ತಿದ್ದಾರೆ ಎಂಬ ಸಂಕೋಚ.

ಕೇಳಿದ್ದೆಲ್ಲ ದಾಖಲಾಗುತ್ತದೆ ಎಂದೂ ಇಲ್ಲ. ಇಟಲಿಯ ಮೂರು ಔಷಧಿ ಪ್ರಯೋಗಗಳಲ್ಲಿದ್ದ 1,090 ಜನ ತಾವೇ ತುಂಬಿದ ಪ್ರಶ್ನಾವಳಿಯನ್ನೂ ಅವರ ಬಗ್ಗೆ ವೈದ್ಯರು ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವೊಂದು 2015ರಲ್ಲಿ ಬಂತು. ಹಸಿವಿಲ್ಲದಿರುವುದು, ವಾಕರಿಕೆ, ವಾಂತಿ, ಮಲಬದ್ಧತೆ, ಭೇದಿ, ಕೂದಲು ಉದುರುವುದು ಎಂಬ ಆರು ತೊಂದರೆಗಳಲ್ಲಿ, ರೋಗಿ ‘ಇದೆ’ ಎಂದದ್ದನ್ನು ವೈದ್ಯರು ಬರೆಯದೆ ಬಿಟ್ಟ ಪ್ರಮಾಣ ಶೇ. 40.7ರಿಂದ ಶೇ. 74.4ರವರೆಗೆ ಇತ್ತು. ಅಡ್ಡಪರಿಣಾಮ ಬರೆದಿಡುವುದೇ ಕೆಲಸದ ಭಾಗವಾಗಿದ್ದ ಔಷಧಿ ಪ್ರಯೋಗಗಳ ಕಥೆ ಇದು. ದಿನನಿತ್ಯದ ಓಪಿಡಿಯ ಕಥೆಯನ್ನು ನೀವೇ ಊಹಿಸಿಕೊಳ್ಳಿ.

ಹನ್ನೆರಡು ಪ್ರಶ್ನೆ

ತಮ್ಮ ತೊಂದರೆಗಳನ್ನು ರೋಗಿಗಳೇ ಮನೆಯಿಂದ ಆಸ್ಪತ್ರೆಗೆ ತಿಳಿಸುವ ಕ್ಯಾನ್ಸರ್ ಆ್ಯಪ್‌ಗಳ ಮಾತು ಬಂದಾಗೆಲ್ಲ ಒಂದು ಅಧ್ಯಯನದ ಹೆಸರು ಬರುತ್ತದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಈಥನ್ ಬಾಷ್ ತಂಡ ನಡೆಸಿದ್ದು. ಬೇರೆ ಅಂಗಗಳಿಗೂ ಹರಡಿದ ಗಡ್ಡೆಗಳಿಗೆ ಕೀಮೋ ತೆಗೆದುಕೊಳ್ಳುತ್ತಿದ್ದ 766 ಜನ. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ 12 ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ಉತ್ತರಿಸುವ ಅವಕಾಶ. ಯಾವುದಾದರೂ ತೊಂದರೆ ಹಿಂದಿನದಕ್ಕಿಂತ ಎರಡು ಅಂಕ ಹೆಚ್ಚಾದರೆ, ಅಥವಾ ಮೂರನೇ ದರ್ಜೆ (ಅಂದರೆ ತೀವ್ರ) ಮುಟ್ಟಿದರೆ, ನರ್ಸಿಗೆ ಇಮೇಲ್. ವ್ಯವಸ್ಥೆ ಇಷ್ಟೇ. ಕೃತಕ ಬುದ್ಧಿಮತ್ತೆ, ಗಡಿಯಾರಕ್ಕೆ ಕಟ್ಟಿದ ಸೆನ್ಸರು ಯಾವುದೂ ಇರಲಿಲ್ಲ.

2016ರಲ್ಲಿ ಬಂದ ಫಲಿತಾಂಶದಲ್ಲಿ ಜೀವನದ ಗುಣಮಟ್ಟ ಸುಧಾರಿಸಿದವರು ಶೇ. 34, ಎಂದಿನ ಆರೈಕೆಯಲ್ಲಿ ಶೇ. 18. ವರ್ಷದೊಳಗೆ ತುರ್ತು ವಿಭಾಗಕ್ಕೆ ಓಡಿದವರು ಶೇ. 34, ಇನ್ನೊಂದು ಕಡೆ ಶೇ. 41. ಕೀಮೋದಲ್ಲಿ ಉಳಿದ ಅವಧಿ ಸರಾಸರಿ 8.2 ತಿಂಗಳು, ಇನ್ನೊಂದು ಕಡೆ 6.3. ಮರುವರ್ಷ ಬದುಕಿನ ಅವಧಿಯ ಲೆಕ್ಕ ಬಂತು: ಮಧ್ಯಮ ಅವಧಿ (ಅರ್ಧದಷ್ಟು ಜನ ಇದಕ್ಕಿಂತ ಹೆಚ್ಚು ಬದುಕಿದರು) 31.2 ತಿಂಗಳು, ಎಂದಿನ ಆರೈಕೆಯಲ್ಲಿ 26.0. ಐದು ತಿಂಗಳ ಅಂತರ! ಹೊಸ ಔಷಧಿಯೊಂದು ಇಷ್ಟು ಕೊಟ್ಟಿದ್ದರೆ ಅದರ ಬೆಲೆ ಎಷ್ಟಿರುತ್ತಿತ್ತೋ.

ಸುದ್ದಿಯಾದದ್ದು ಆ ಐದು ತಿಂಗಳು. ಅದೇ ಅಧ್ಯಯನದ ಇನ್ನೆರಡು ಸಂಗತಿಗಳು ಅಷ್ಟು ಸದ್ದು ಮಾಡಲಿಲ್ಲ. ಮೊದಲನೆಯದು, ಬಂದ ಎಚ್ಚರಿಕೆಗಳಲ್ಲಿ ಶೇ. 77ಕ್ಕೆ ನರ್ಸುಗಳು ಏನಾದರೊಂದು ಮಾಡಿದ್ದರು: ಫೋನ್ ಮಾಡಿ ಸಲಹೆ ಕೊಟ್ಟದ್ದು, ವಾಂತಿ ಅಥವಾ ನೋವಿನ ಮಾತ್ರೆ ಬದಲಿಸಿದ್ದು, ಕೀಮೋ ಡೋಸ್ ಹೊಂದಿಸಿದ್ದು, ಬೇರೆ ತಜ್ಞರ ಬಳಿ ಕಳಿಸಿದ್ದು. ಎರಡನೆಯದು, 766ರಲ್ಲಿ 227 ಜನ ಕಂಪ್ಯೂಟರ್ ಬಳಸಿ ಅಭ್ಯಾಸವಿಲ್ಲದವರು. ಅವರು ಉತ್ತರಿಸಿದ್ದು ಆಸ್ಪತ್ರೆಗೆ ಬಂದಾಗ ಮಾತ್ರ. ಆದರೂ ಹೆಚ್ಚು ಲಾಭ ಕಂಡದ್ದು ಅವರಲ್ಲೇ. ‘ನಮ್ಮ ರೋಗಿಗಳಿಗೆ ಇದೆಲ್ಲ ಆಗಿಬರಲ್ಲ, ಓದಿದವರಿಗೆ ಸರಿ’ ಎಂದು ತಳ್ಳಿಹಾಕುವವರು ಈ ಸಾಲನ್ನು ಎರಡು ಸಲ ಓದಬೇಕು.

ಒಂದೇ ದೊಡ್ಡ ಆಸ್ಪತ್ರೆಯ ಫಲಿತಾಂಶ ಎಲ್ಲೆಡೆಗೂ ಒಗ್ಗುತ್ತದೆಯೇ ಎಂದು ನೋಡಲು ಅಮೆರಿಕದ 52 ಸಾಮಾನ್ಯ ಕ್ಯಾನ್ಸರ್ ಕೇಂದ್ರಗಳಲ್ಲಿ 1,191 ಜನರ ಮೇಲೆ ಪ್ರೊ-ಟೆಕ್ಟ್ ಎಂಬ ಪ್ರಯೋಗ ನಡೆಯಿತು. ಓಡಾಡುವ ಶಕ್ತಿ, ತೊಂದರೆಗಳ ಹತೋಟಿ, ಜೀವನದ ಗುಣಮಟ್ಟ ಮೂರರಲ್ಲೂ ಸುಧಾರಣೆ ಕಂಡಿತು, ಮೊದಲ ತುರ್ತು ಭೇಟಿ ಮುಂದಕ್ಕೆ ಹೋಯಿತು. ಆದರೆ 2025ರಲ್ಲಿ ಬಂದ ಅಂತಿಮ ಲೆಕ್ಕದಲ್ಲಿ ಬದುಕಿನ ಅವಧಿಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಈಗಲೂ ‘ಆ್ಯಪ್ ಬಳಸಿದರೆ ಐದು ತಿಂಗಳು ಹೆಚ್ಚು ಬದುಕುತ್ತೀರಿ’ ಎಂಬ ಜಾಹೀರಾತು ಕಂಡರೆ, ಬರೆದವರು ಮೊದಲ ಅಧ್ಯಯನದಲ್ಲೇ ಓದು ನಿಲ್ಲಿಸಿದ್ದಾರೆ ಅಂತ ಅರ್ಥ. ಫ್ರಾನ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿದವರನ್ನು ವಾರವಾರ ವಿಚಾರಿಸಿದ ಫಾಬ್ರಿಸ್ ಡೆನಿಸ್ ತಂಡದ ಅಧ್ಯಯನದಲ್ಲಿ (2017) ಅವಧಿಯೂ ಹೆಚ್ಚಿತ್ತು: 19 ತಿಂಗಳು, ಇನ್ನೊಂದು ಗುಂಪಿನಲ್ಲಿ 12. ಅಲ್ಲಿ ಕಾರಣ ಕಣ್ಣಿಗೆ ಕಾಣುವಂತಿದೆ. ಕಾಯಿಲೆ ಮರುಕಳಿಸಿದ್ದು ಗೊತ್ತಾದಾಗ ಇನ್ನೂ ಗಟ್ಟಿಮುಟ್ಟಾಗಿ ಓಡಾಡುವ ಸ್ಥಿತಿಯಲ್ಲಿದ್ದವರು ವಿಚಾರಿಸಿದ ಗುಂಪಿನಲ್ಲಿ ಸುಮಾರು ಶೇ. 76, ಇನ್ನೊಂದರಲ್ಲಿ ಶೇ. 33. ಮುಂದಿನ ಚಿಕಿತ್ಸೆ ತಡೆದುಕೊಳ್ಳುವ ದೇಹ ಉಳಿದಿತ್ತು. ವಾಂತಿ, ನಿದ್ರೆ, ನೋವು ಹತೋಟಿಗೆ ಬಂದರೆ ಅಷ್ಟೇ ಸಾಕಾದ ಕಾರಣ ಎಂದು ಒಪ್ಪಿಕೊಂಡಿದ್ದರೆ ತಿಂಗಳುಗಳ ಈ ಗುದ್ದಾಟವೇ ಬೇಕಿರಲಿಲ್ಲ. ಸಪೋರ್ಟಿವ್ ಕೇರ್ (ತೊಂದರೆಗಳನ್ನು ಹತೋಟಿಯಲ್ಲಿಡುವ ಆರೈಕೆ) ಮಾತ್ರ ಸದಾ ಆಯುಷ್ಯದ ರಶೀದಿ ತೋರಿಸಿ ಒಳಗೆ ಬರಬೇಕಾಗಿರುವುದು ವಿಚಿತ್ರ.

‘ಸುಸ್ತು’ ಅಂದರೆ ಯಾವ ಸುಸ್ತು?

ಪ್ರಶ್ನೆ ಬರೆಯುವುದು ಸುಲಭ ಅನ್ನಿಸುವುದು ಬರೆಯಲು ಕೂರುವವರೆಗೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ರೂಪಿಸಿದ ಪ್ರೊ-ಸಿಟಿಸಿಎಇ ಎಂಬ ಪ್ರಶ್ನೆಗಳ ಕಣಜದಲ್ಲಿ 78 ತೊಂದರೆಗಳಿಗೆ 124 ಪ್ರಶ್ನೆಗಳಿವೆ. ಒಂದೊಂದು ತೊಂದರೆಯನ್ನೂ ಬೇರೆಬೇರೆ ಕಡೆಯಿಂದ ಹಿಡಿಯುತ್ತವೆ: ಕಳೆದ 7 ದಿನಗಳಲ್ಲಿ ಎಷ್ಟು ಸಲ ಬಂತು, ಬಂದಾಗ ಎಷ್ಟು ಜೋರಾಗಿತ್ತು, ದಿನದ ಕೆಲಸಕ್ಕೆ ಎಷ್ಟು ಅಡ್ಡಿಯಾಯಿತು. ಎಲ್ಲಕ್ಕೂ ಮೂರೂ ಕೇಳುವುದಿಲ್ಲ. ಭೇದಿ ಎಷ್ಟು ಸಲ ಆಯಿತು ಎಂಬುದು ಮುಖ್ಯ. ಬಾಯಿ ಒಣಗುವುದು ಎಷ್ಟು ಜೋರು ಎಂದಷ್ಟೇ ಸಾಕು. 124ನ್ನೂ ಒಂದೇ ಫಾರ್ಮಿನಲ್ಲಿ ತುರುಕುವುದು ಹೊಸಬರು ಮಾಡುವ ಮೊದಲ ತಪ್ಪು. ಕೊಡುತ್ತಿರುವ ಔಷಧಿಗೆ ತಕ್ಕ ಹತ್ತು-ಹನ್ನೆರಡನ್ನು ಆರಿಸಿ, ಕೊನೆಗೆ ‘ಬೇರೆ ಏನಾದರೂ?’ ಎಂದು ಒಂದು ಖಾಲಿ ಜಾಗ ಬಿಟ್ಟರೆ ವಾರದಾಚೆ ಮತ್ತೆ ತುಂಬುವ ಮನಸ್ಸಾಗುತ್ತದೆ.

ಇನ್ನು ಭಾಷೆ. ಇಂಗ್ಲಿಷಿನ ‘ಫಟೀಗ್’ಗೆ ಕನ್ನಡದಲ್ಲಿ ಸುಸ್ತು, ಆಯಾಸ, ದಣಿವು, ನಿಶ್ಶಕ್ತಿ ಎಲ್ಲವೂ ಇವೆ. ದಣಿವು ಕೆಲಸ ಮಾಡಿದ ಮೇಲೆ ಬರುವುದು, ಕೂತರೆ ಹೋಗುವುದು. ಕೀಮೋದ ಸುಸ್ತು ಹಾಗಲ್ಲ, ರಾತ್ರಿ ಪೂರ್ತಿ ಮಲಗೆದ್ದರೂ ಹಾಸಿಗೆಯಲ್ಲೇ ಕಾದು ಕೂತಿರುತ್ತದೆ. ‘ನಿಮಗೆ ದಣಿವಾಗುತ್ತದೆಯೇ?’ ಎಂದು ಕೇಳಿದರೆ ‘ಕೆಲಸಾನೇ ಮಾಡ್ತಿಲ್ವಲ್ಲ, ದಣಿವೆಲ್ಲಿಂದ’ ಎಂದು ಸೊನ್ನೆ ಒತ್ತಿಬಿಡುತ್ತಾರೆ. 1991ರಲ್ಲಿ ಕೆನಡಾದ ಎಡ್ಮಂಟನ್‌ನಲ್ಲಿ ಎಡ್ವರ್ಡೊ ಬ್ರುಯೆರಾ ತಂಡ ಮಾಡಿದ ಪ್ರಸಿದ್ಧ ಅಳತೆಪಟ್ಟಿಗೂ ಇದೇ ಗತಿಯಾಗಿತ್ತು. ಜನ ಸುಸ್ತನ್ನೂ ನಿದ್ದೆಯ ಮಂಪರನ್ನೂ ಕಲಸುತ್ತಿದ್ದರು. ಪರಿಷ್ಕರಿಸಿದಾಗ ‘ಸುಸ್ತು ಅಂದರೆ ಶಕ್ತಿ ಇಲ್ಲದಿರುವುದು, ಮಂಪರು ಅಂದರೆ ನಿದ್ದೆ ಎಳೆಯುವುದು’ ಎಂಬಂಥ ವಿವರಣೆಯನ್ನು ಪ್ರಶ್ನೆಯ ಪಕ್ಕದಲ್ಲೇ ಸೇರಿಸಬೇಕಾಯಿತು. ವಾಂತಿ ಆಗಿದೆಯೇ ಎಂದು ಕೇಳಿದರೆ ‘ಇಲ್ಲ’, ‘ಹೊಟ್ಟೆ ತೊಳಸುತ್ತಾ?’ ಎಂದರೆ ‘ಅಯ್ಯೋ, ಊಟದ ವಾಸನೆ ಬಂದ್ರೆ ಸಾಕು’. ಕೈಕಾಲಿನ ನರಗಳಿಗೆ ಪೆಟ್ಟಾಗಿದೆಯೇ ಎಂದು ತಿಳಿಯಲು ‘ಸಂವೇದನಾಶೂನ್ಯತೆ’ ಎಂದು ಅನುವಾದಿಸಿದ ಫಾರ್ಮುಗಳಿವೆ. ಅದನ್ನು ಓದಿ ಹೌದು ಅನ್ನುವವರು ಯಾರು? ‘ಬೆರಳು ಜೋಮು ಹಿಡಿದ ಹಾಗೆ ಇದೆಯಾ? ಅಂಗಿ ಗುಂಡಿ ಹಾಕೋಕೆ ಆಗ್ತಿದೆಯಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗ್ತಿದೆಯಾ?’ ಎಂದು ಕೇಳಿ ನೋಡಿ.

ಅದಕ್ಕೇ ಪ್ರಶ್ನಾವಳಿ ಅನುವಾದಕ್ಕೆ ಒಂದು ಶಿಸ್ತಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಎದುರಿಟ್ಟು ಒಂದು ಮಾಡಬೇಕು, ಮೂಲ ನೋಡದ ಇನ್ನೊಬ್ಬರು ಅದನ್ನು ಹಿಂದಕ್ಕೆ ಅನುವಾದಿಸಬೇಕು, ಕೊನೆಗೆ ಕಾಯಿಲೆಯವರನ್ನೇ ಕೂರಿಸಿಕೊಂಡು ‘ಈ ಪ್ರಶ್ನೆ ಏನು ಕೇಳ್ತಿದೆ ಅಂತ ನಿಮ್ಮ ಮಾತಲ್ಲಿ ಹೇಳಿ’ ಎನ್ನಬೇಕು. ಹಣ ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಕೊನೆಯ ಹಂತಕ್ಕೆ. ಜೋಮು ಎಂಬ ಪದ ಸಿಗುವುದು ಅಲ್ಲೇ. (ಪದಗಳ ತಲೆನೋವೇ ಬೇಡವೆಂದು ನಗುವ-ಅಳುವ ಮುಖಗಳನ್ನು ಹಾಕುವವರಿದ್ದಾರೆ. ಅಳುವ ಮುಖವನ್ನು ನೋವಿಗಾಗಿ ಒತ್ತಿದರೋ ದುಃಖಕ್ಕಾಗಿ ಒತ್ತಿದರೋ ಎಂಬುದು ಆಮೇಲೆ ಬೇರೆಯೇ ತಲೆನೋವು.)

ಶನಿವಾರ ರಾತ್ರಿ, 38.4

ಒಂದು ಸಂದರ್ಭ ಇಟ್ಟುಕೊಳ್ಳೋಣ. ಕೀಮೋ ಆಗಿ ಹತ್ತನೇ ದಿನ, ಶನಿವಾರ ರಾತ್ರಿ ಒಂಬತ್ತೂವರೆ. ಮೈ ನಡುಕ. ಥರ್ಮಾಮೀಟರ್ 101.1 ತೋರಿಸುತ್ತದೆ. ಆ್ಯಪ್ ತೆರೆದು ಉಷ್ಣಾಂಶದ ಜಾಗದಲ್ಲಿ 101.1 ಎಂದು ಒತ್ತಿದರೆ ಕೆಂಪು ಅಕ್ಷರದಲ್ಲಿ ‘ಸರಿಯಾದ ಸಂಖ್ಯೆ ನಮೂದಿಸಿ’ ಎನ್ನುತ್ತದೆ, ಏಕೆಂದರೆ ಬರೆದವರು 35ರಿಂದ 42ರವರೆಗಿನ ಸೆಲ್ಸಿಯಸ್ ಮಾತ್ರ ಒಪ್ಪುವಂತೆ ಬರೆದಿದ್ದಾರೆ. ಮನೆಯ ಥರ್ಮಾಮೀಟರ್ ಫ್ಯಾರನ್‌ಹೀಟಿನದು. ಮಗಳು ಲೆಕ್ಕ ಹಾಕಿ 38.4 ಒತ್ತುತ್ತಾಳೆ. ‘ನಿಮ್ಮ ಮಾಹಿತಿಗೆ ಧನ್ಯವಾದಗಳು’ ಎಂಬ ಹಸಿರು ಟಿಕ್ ಮೂಡುತ್ತದೆ. ಅತ್ತ ನರ್ಸಿನ ಪರದೆಯಲ್ಲಿ ಕೆಂಪು ಗುರುತು ಬಿದ್ದಿದೆ. ಆ ಪರದೆಯ ಮುಂದೆ ಯಾರಾದರೂ ಕೂರುವುದು ಸೋಮವಾರ ಬೆಳಿಗ್ಗೆ. ಹಸಿರು ಟಿಕ್ ನೋಡಿದ ಮನೆಯವರು ‘ಆಸ್ಪತ್ರೆಗೆ ಗೊತ್ತಾಯ್ತಲ್ಲ, ಅವರೇ ಫೋನ್ ಮಾಡ್ತಾರೆ’ ಎಂದು ಪ್ಯಾರಸಿಟಮಾಲ್ ಕೊಟ್ಟು ಮಲಗಿಸುತ್ತಾರೆ. ಜ್ವರ ಇಳಿಯುತ್ತದೆ. ಸೋಂಕು ಇಳಿಯುವುದಿಲ್ಲ.

ಇಲ್ಲಿ ಆ್ಯಪ್ ಇಲ್ಲದಿದ್ದರೇ ಒಳ್ಳೆಯದಿತ್ತು, ಹೆದರಿ ಆಸ್ಪತ್ರೆಗೆ ಓಡುತ್ತಿದ್ದರು. ಕೌಂಟ್ ಇಳಿದ ಕಾಲದಲ್ಲಿ ಒಮ್ಮೆ 38.3 (ಸುಮಾರು 101 ಡಿಗ್ರಿ ಫ್ಯಾರನ್‌ಹೀಟ್) ಅಥವಾ ಒಂದು ಗಂಟೆ ಬಿಡದೆ 38.0 (100.4) ಇದ್ದರೆ, ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣಗಳು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿದ್ದರೆ ಅಥವಾ ಅಷ್ಟು ಇಳಿಯುವ ಹಾಗಿದ್ದರೆ, ಆಸ್ಪತ್ರೆ ತಲುಪಿದ 60 ನಿಮಿಷದೊಳಗೆ ಆಂಟಿಬಯಾಟಿಕ್ ಹೋಗಬೇಕು ಎಂಬುದು ನಿಯಮ. ನಿಮಿಷಗಳ ಲೆಕ್ಕದ ಸಂಗತಿಯನ್ನು ವಾರದ ಫಾರ್ಮಿಗೆ ಹಾಕುವುದೇ ತಪ್ಪು. ಜ್ವರ, ಎದೆನೋವು, ಏದುಸಿರು, ನಿಲ್ಲದ ರಕ್ತಸ್ರಾವ, ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಹೋಗುವುದು ಇವಕ್ಕೆ ಉತ್ತರ ಒತ್ತಿದ ತಕ್ಷಣ ಪರದೆ ತುಂಬ ‘ಈಗಲೇ ಈ ನಂಬರಿಗೆ ಫೋನ್ ಮಾಡಿ, ಇದನ್ನು ಸದ್ಯ ಯಾರೂ ನೋಡುತ್ತಿಲ್ಲ’ ಎಂದು ಬರಬೇಕು. ಒತ್ತಿದರೆ ಕರೆ ಹೋಗುವಂತಿರಬೇಕು. ‘ಯಾರೂ ನೋಡುತ್ತಿಲ್ಲ’ ಎಂಬ ಮಾತನ್ನು ಹಾಕಲು ಆಸ್ಪತ್ರೆಗಳಿಗೆ ಮುಜುಗರ. ಅದನ್ನು ಹಾಕದಿರುವುದು ಮುಜುಗರಕ್ಕಿಂತ ದೊಡ್ಡ ಅಪಾಯ.

ಭೇದಿ ಇನ್ನೊಂದು ಒಳ್ಳೆಯ ಉದಾಹರಣೆ. ದರ್ಜೆ ಕಟ್ಟುವುದು ಮಾಮೂಲಿಗಿಂತ ಎಷ್ಟು ಹೆಚ್ಚು ಎಂಬುದರ ಮೇಲೆ: ದಿನಕ್ಕೆ ನಾಲ್ಕಕ್ಕಿಂತ ಕಡಿಮೆ ಸಲ ಹೆಚ್ಚಿದರೆ ಮೊದಲನೆಯದು, ನಾಲ್ಕರಿಂದ ಆರು ಎರಡನೆಯದು, ಏಳು ಅಥವಾ ಅದಕ್ಕೂ ಹೆಚ್ಚಾದರೆ ಮೂರನೆಯದು. ಚಿಕಿತ್ಸೆ ಶುರುವಾಗುವ ಮೊದಲು ‘ಮಾಮೂಲು ಎಷ್ಟು ಸಲ?’ ಎಂದು ಕೇಳಿ ಇಡದಿದ್ದರೆ ಈ ಲೆಕ್ಕಕ್ಕೆ ತಳವೇ ಇಲ್ಲ. ಇನ್ನು ಇರಿನೊಟೆಕಾನ್ ಎಂಬ ಕೀಮೋ ಔಷಧಿ ತೆಗೆದುಕೊಂಡವರಿಗೆ ತಡವಾಗಿ ಬರುವ ಭೇದಿಗೆ ಲೋಪೆರಮೈಡ್ ಮಾತ್ರೆಯನ್ನು ಕೂಡಲೇ ಶುರುಮಾಡಿ ಎನ್ನುವುದು ಸರಿ. ಇಮ್ಯುನೊಥೆರಪಿಯಲ್ಲಿರುವವರಿಗೆ (ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ಚಿಕಿತ್ಸೆ) ಅದೇ ಭೇದಿ ಕರುಳಿನ ಉರಿಯೂತ ಇರಬಹುದು. ಅದಕ್ಕೆ ಸ್ಟಿರಾಯ್ಡ್ ಬೇಕಾಗಬಹುದು; ಲೋಪೆರಮೈಡ್ ನುಂಗಿ ಎರಡು ದಿನ ಕಾದರೆ ಮುಚ್ಚಿಟ್ಟಂತೆ. ಯಾರಿಗೆ ಯಾವ ಔಷಧಿ ಹೋಗುತ್ತಿದೆ ಎಂದು ಗೊತ್ತಿಲ್ಲದ ಆ್ಯಪ್ ಭೇದಿಗೆ ಸಲಹೆ ಕೊಡುವ ಗೋಜಿಗೇ ಹೋಗಬಾರದು. ಈಚೆಗೆ ಎಲ್ಲದಕ್ಕೂ ನಯವಾಗಿ ಉತ್ತರಿಸುವ ಚಾಟ್‌ಬಾಟ್‌ಗಳಿಗೂ ಇದೇ ಮಾತು.

ನರ್ಸಿನ ಕಡೆಯಿಂದಲೂ ಒಂದು ಲೆಕ್ಕ ಹಾಕಿ. ನೂರು ಜನ, ವಾರಕ್ಕೊಮ್ಮೆ, 12 ಪ್ರಶ್ನೆ. ಒಟ್ಟು 1,200 ಉತ್ತರ. ನೂರಕ್ಕೆ ಐದರಷ್ಟೇ ಗಂಟೆ ಬಾರಿಸಿದವು ಅಂದುಕೊಂಡರೂ ವಾರಕ್ಕೆ 60 ಎಚ್ಚರಿಕೆ. ಫೋನ್ ಮಾಡಿ, ಕೇಳಿ, ಡಾಕ್ಟರನ್ನು ವಿಚಾರಿಸಿ, ಬರೆದಿಡಲು ಒಂದಕ್ಕೆ ಹತ್ತು ನಿಮಿಷ ಹಿಡಿದರೆ ಹತ್ತು ಗಂಟೆ. ಸಾಫ್ಟ್‌ವೇರ್ ಕೊಳ್ಳುವಾಗ ಈ ಹತ್ತು ಗಂಟೆಯನ್ನು ಬಜೆಟ್ಟಿನಲ್ಲಿ ಬರೆಯುವವರು ಕಡಿಮೆ. ಡೇ ಕೇರ್ ವಾರ್ಡಿನಲ್ಲಿ ಡ್ರಿಪ್ ಹಾಕುತ್ತಿರುವ ಸಿಸ್ಟರಿಗೇ ‘ಇದನ್ನೂ ಸ್ವಲ್ಪ ನೋಡ್ಕೊಳ್ಳಿ’ ಎಂದರೆ ಎರಡನೇ ತಿಂಗಳಿಗೆ ಎಚ್ಚರಿಕೆಗಳು ತೆರೆಯದ ಇಮೇಲುಗಳಾಗಿ ಬಿದ್ದಿರುತ್ತವೆ. ಹಳೆಯ ಮೊಣಕಾಲು ನೋವಿಗೆ ಪ್ರತಿ ವಾರ ಮೂರು ಒತ್ತುವವರಿಂದ ಪ್ರತಿ ವಾರ ಗಂಟೆ ಬಾರಿಸುವುದನ್ನು ತಡೆಯಲು, ‘ಗೊತ್ತಿರುವುದು, ಹೆಚ್ಚಾದರೆ ಮಾತ್ರ ತಿಳಿಸು’ ಎಂಬ ಗುಂಡಿ ನರ್ಸಿನ ಕೈಯಲ್ಲಿರಬೇಕು. ಚಿಕ್ಕ ಗುಂಡಿ, ಇಡೀ ವ್ಯವಸ್ಥೆ ಬದುಕುವುದು ಸಾಯುವುದು ಅದರ ಮೇಲೆ.

ಉತ್ತರ ಬಾರದ ವಾರ

ಪ್ರೊ-ಟೆಕ್ಟ್‌ನಲ್ಲಿ ಕಳಿಸಿದ ವಾರದ ಪ್ರಶ್ನಾವಳಿಗಳಲ್ಲಿ ಶೇ. 91.5 ತುಂಬಿ ಬಂದವು. ಈ ಅಂಕಿ ನೋಡಿ ಜನಕ್ಕೆ ಆ್ಯಪ್ ಎಂದರೆ ಇಷ್ಟ ಎಂದುಕೊಳ್ಳಬಾರದು. ಅಲ್ಲಿ ವೆಬ್‌ಸೈಟ್ ಬೇಡ ಎಂದವರಿಗೆ ತಾನೇ ಕರೆ ಮಾಡಿ ಪ್ರಶ್ನೆ ಓದುವ ಫೋನ್ ವ್ಯವಸ್ಥೆ ಇತ್ತು, ಗುಂಡಿ ಒತ್ತಿ ಉತ್ತರಿಸಿದರೆ ಆಯಿತು. ತುಂಬದಿದ್ದರೆ ನೆನಪಿಸುವ ಸಂದೇಶ, ಅದಕ್ಕೂ ಮಿಸುಕದಿದ್ದರೆ ಮನುಷ್ಯರೇ ಕರೆ ಮಾಡುತ್ತಿದ್ದರು. ಆ ಕೊನೆಯ ಕರೆ ಬಿಟ್ಟ ಕಡೆ ಮೊದಲ ತಿಂಗಳ ಹುರುಪು ಮೂರನೇ ತಿಂಗಳಿಗೆ ಇರುವುದಿಲ್ಲ.

ಬಾರದ ಉತ್ತರವನ್ನು ಖಾಲಿ ಜಾಗ ಎಂದು ಬಿಡುವುದು ಅಂಕಿಅಂಶದವರ ತಪ್ಪಷ್ಟೇ ಅಲ್ಲ, ಆರೈಕೆಯ ತಪ್ಪೂ ಹೌದು. ಎಂಟು ವಾರ ತಪ್ಪದೆ ಮಂಗಳವಾರ ಸಂಜೆ ತುಂಬುತ್ತಿದ್ದವರು ಒಂಬತ್ತನೇ ವಾರ ತುಂಬಲಿಲ್ಲ ಎಂದರೆ ಫೋನ್ ಕೆಟ್ಟಿರಬಹುದು, ನೆಂಟರ ಮನೆಗೆ ಹೋಗಿರಬಹುದು, ಅಥವಾ ಪರದೆ ನೋಡುವಷ್ಟೂ ತ್ರಾಣವಿಲ್ಲದೆ ಮಲಗಿರಬಹುದು. ಸರಾಸರಿ ತೆಗೆಯುವಾಗ ಈ ಮೂರನೆಯವರು ಬಿಟ್ಟುಹೋಗುತ್ತಾರೆ, ಉಳಿದವರ ಅಂಕ ಚೆನ್ನಾಗಿ ಕಾಣುತ್ತದೆ. ಹೆಜ್ಜೆ ಎಣಿಸುವ ಗಡಿಯಾರಗಳ ಬಗ್ಗೆ ನನಗೆ ಸ್ವಲ್ಪ ಅನುಮಾನವಿದ್ದರೂ ಈ ಒಂದು ಕಡೆ ಅವು ಕೆಲಸಕ್ಕೆ ಬರಬಹುದು. ಏನೂ ತುಂಬದಿದ್ದರೂ ದಿನಕ್ಕೆ ಮೂರು ಸಾವಿರ ಹೆಜ್ಜೆಯವರು ಐನೂರಕ್ಕೆ ಇಳಿದದ್ದು ಕಾಣುತ್ತದೆ. ಕೈಗೆ ಕಟ್ಟಿಕೊಂಡಿದ್ದರೆ, ಚಾರ್ಜ್ ಇದ್ದರೆ.

ಫೋನ್ ಯಾರದು?

ಫೋನ್ ಬಹಳ ಸಲ ಮಗನದೋ ಸೊಸೆಯದೋ ಆಗಿರುತ್ತದೆ, ಫಾರ್ಮ್ ತುಂಬುವುದೂ ಅವರೇ. ಎದುರಿಗೆ ಕಾಣುವ ವಾಂತಿ, ಭೇದಿಯ ವಿಷಯದಲ್ಲಿ ಮನೆಯವರ ಲೆಕ್ಕ ರೋಗಿಯ ಲೆಕ್ಕಕ್ಕೆ ಹತ್ತಿರ ಇರುತ್ತದೆ. ನೋವು, ಬೇಸರ, ಆತಂಕದಂಥ ಒಳಗಿನ ಸಂಗತಿಗಳಲ್ಲಿ ದೂರ ಸರಿಯುತ್ತದೆ, ಹೆಚ್ಚಾಗಿ ಇರುವುದಕ್ಕಿಂತ ಜಾಸ್ತಿ ಎಂಬ ಕಡೆಗೆ. ಅವರು ತುಂಬಬಾರದು ಎಂದೇನಿಲ್ಲ. ‘ಇದನ್ನು ಯಾರು ತುಂಬುತ್ತಿದ್ದೀರಿ?’ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೇಲಿರಲಿ, ಸಾಕು. ಮಾವನಿಗೆ ಕಾಯಿಲೆಯ ಹೆಸರೇ ಹೇಳದ ಮನೆಗಳಲ್ಲಿ ‘ನಿಮ್ಮ ಕ್ಯಾನ್ಸರ್ ಪ್ರಶ್ನಾವಳಿ ಬಾಕಿ ಇದೆ’ ಎಂಬ ನೋಟಿಫಿಕೇಶನ್ ಬೀಗ ಹಾಕಿದ ಪರದೆಯ ಮೇಲೇ ಮೂಡುವಂತೆ ಮಾಡಿದವರು ಮನೆಗಳ ಬಗ್ಗೆ ಒಂದು ಕ್ಷಣವೂ ಯೋಚಿಸಿಲ್ಲ. ‘ವಾರದ ಪ್ರಶ್ನೆಗಳು ಸಿದ್ಧ’ ಎಂದರೆ ಏನು ನಷ್ಟ?

ನಿಮಗೋ ನಿಮ್ಮವರಿಗೋ ಇಂಥದ್ದೊಂದನ್ನು ಹಾಕಿಕೊಳ್ಳಿ ಎಂದು ಹೇಳಿದರೆ ಡೌನ್‌ಲೋಡ್ ಮಾಡುವ ಮೊದಲು ಕೇಳಬೇಕಾದ್ದು ಇಷ್ಟು: ನಾನು ಒತ್ತಿದ್ದನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತಿನಲ್ಲಿ? ರಾತ್ರಿ ಮತ್ತು ರಜೆಯ ದಿನ? ಅದು ನನ್ನ ಫೈಲಿಗೆ ಸೇರುತ್ತದೆಯೋ, ಡಾಕ್ಟರ್ ಬೇರೆ ಪಾಸ್‌ವರ್ಡ್ ಹಾಕಿ ನೋಡಬೇಕೋ? ಮೊದಲ ಪ್ರಶ್ನೆಗೇ ‘ಸಿಸ್ಟಮ್ ನೋಡಿಕೊಳ್ಳುತ್ತದೆ’ ಎಂಬ ಉತ್ತರ ಬಂದರೆ ಹೊಸ ಆ್ಯಪ್ ಬೇಕಾಗಿಲ್ಲ, ಒಂದು ನೋಟ್‌ಬುಕ್ ಸಾಕು. ಪುಟದ ಮೇಲೆ ದಿನಾಂಕದ ಜೊತೆಗೆ ‘ಡ್ರಿಪ್ ಆಗಿ ಎಷ್ಟನೇ ದಿನ’ ಎಂದು ಬರೆಯಿರಿ, ಆ ಒಂದು ಅಂಕಿಯಿಂದ ಡಾಕ್ಟರಿಗೆ ಅರ್ಧ ವಿಷಯ ತಿಳಿಯುತ್ತದೆ. ಕೆಳಗೆ ವಾಂತಿ ಎಷ್ಟು ಸಲ, ಭೇದಿ ಎಷ್ಟು ಸಲ ಅಥವಾ ಎಷ್ಟು ದಿನದಿಂದ ಆಗಿಲ್ಲ, ಎಷ್ಟು ಲೋಟ ನೀರು ಒಳಗೆ ಹೋಯಿತು, ನೋವು ಹತ್ತಕ್ಕೆ ಎಷ್ಟು, ಯಾವ ಮಾತ್ರೆ ಎಷ್ಟು ಗಂಟೆಗೆ. ತೆರೆದ ಪುಟವನ್ನೇ ಡಾಕ್ಟರ ಮೇಜಿನ ಮೇಲೆ ಇಡಿ, ಬಾಯಿ ‘ಪರವಾಗಿಲ್ಲ’ ಅಂದರೂ ಅಂದುಕೊಳ್ಳಲಿ. ಮೈ ಬಿಸಿ ಅನ್ನಿಸಿದರೆ ಉಷ್ಣಾಂಶ ಮತ್ತು ಗಂಟೆ ಎರಡನ್ನೂ ಬರೆದು ಆಮೇಲೆ ಫೋನ್ ಮಾಡಿ. ಆ ಅಂಕಿ ಪ್ಯಾರಸಿಟಮಾಲ್ ನುಂಗುವ ಮೊದಲಿನದೋ ನಂತರದ್ದೋ ಎಂದು ಆ ಕಡೆಯವರು ಕೇಳಿಯೇ ಕೇಳುತ್ತಾರೆ.